ಕೊಬ್ಬಿನೊಳಗಣ ನಾಲೆಗಳು

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಕನ್ನಡದಲ್ಲಿ ಕೊಬ್ಬು ಅನ್ನುವ ಮಾತಿಗೆ ಒಳ್ಳೆಯ ಹೆಸರಿಲ್ಲ. ‘ಅವನಿಗೆ ಕೊಬ್ಬು’ ಅಂದರೆ ಅದು ಮೈತೂಕದ ವಿಚಾರ ಅಲ್ಲ ಅಂತ ಮಕ್ಕಳಿಗೂ ಗೊತ್ತು. ‘ಕೊಬ್ಬು ಇಳಿಸ್ತೀನಿ ತಾಳು’ ಅನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ. ನಿಜವಾಗಿ ಇಳಿಸುವವರು ನಾವು, ಪ್ಲಾಸ್ಟಿಕ್ ಸರ್ಜನ್‌ಗಳು. ಚರ್ಮದಲ್ಲಿ ಸಣ್ಣ ತೂತು ಮಾಡಿ, ಕೊಳವೆ ತೂರಿಸಿ, ಹೀರಿ, ಡಬ್ಬಿ ತುಂಬಿಸಿ, ಹಳದಿ ಚೀಲಕ್ಕೆ ಸುರಿಯುತ್ತೇವೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮನುಷ್ಯದೇಹದಿಂದ ತೆಗೆದ ತುಣುಕೆಲ್ಲ ಹಳದಿ ಚೀಲಕ್ಕೇ ಸೇರಬೇಕು. ಈ ಸಂಜೆ ನಾನು ಮಾತಾಡುವುದು ಆ ಚೀಲಕ್ಕೆ ಬೀಳುವ ಕೊಬ್ಬಿನ ಒಳಗೆ ಹೆಣೆದುಕೊಂಡಿರುವ, ಬರಿಗಣ್ಣಿಗೆ ಕಾಣದ ರಕ್ತನಾಳದ ತುಂಡುಗಳ ಬಗ್ಗೆ.

ವಿಷಯ ಯಾವುದಾದರೂ ಆಗಲಿ, ಮಾತು ಕನ್ನಡದಲ್ಲಿರಬೇಕು ಎಂಬ ಷರತ್ತು ದತ್ತಿಪತ್ರದಲ್ಲಿದೆಯಂತೆ. ಒಪ್ಪಿಕೊಂಡ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ರೋಗಿಗಳ ಜೊತೆ ಕನ್ನಡ, ಜೊತೆಗಾರ ವೈದ್ಯರ ಜೊತೆ ಇಂಗ್ಲಿಷ್, ಹೀಗೇ ನನ್ನ ವೃತ್ತಿ ಕಳೆದಿದೆ. ಕೊನೆಗೆ, ಎದುರಿಗೆ ಕೂತವರನ್ನೆಲ್ಲ ರೋಗಿಯ ಕಡೆಯವರು ಅಂದುಕೊಂಡು ಬರೆಯಲು ಕೂತೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಇಲ್ಲೇ ಮಂಡ್ಯದ ಪಕ್ಕದ ಒಂದು ಕಥೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಜೊತೆ ಕಾವಸ್‌ಜೀ ಎಂಬ ಮರಾಠಿ ಒಕ್ಕಲಿನವನು ಎತ್ತು ಹೊಡೆಯುವ ಕೆಲಸಕ್ಕೆ ಬಂದಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಹೀಗೆಂದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾದ ಒಂದು ಪತ್ರ ಹೇಳುತ್ತದೆ. ಒಂದು ವರ್ಷಕ್ಕೂ ಮೇಲೆ ಅವನು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು.

ಮಾಡಿದ್ದು ಹೇಗೆ ಅಂತ ಆ ಪತ್ರದಲ್ಲಿ ವಿವರವಾಗಿದೆ. ಮೂಗಿನ ಮೋಟಿನ ಮೇಲೆ ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ತಯಾರಿಸುತ್ತಾನೆ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾನೆ. ಗೆರೆಯೊಳಗಿನ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸುತ್ತಾನೆ. ಹೊಲಿಗೆ ಇಲ್ಲ, ಕಾಚನ್ನು ನೀರಲ್ಲಿ ಕಲಸಿ ಬಟ್ಟೆಗೆ ಮೆತ್ತಿ ಅಂಟಿಸುತ್ತಾನೆ. ಹೌದು, ಎಲೆ ಅಡಿಕೆಗೆ ಹಾಕಿಕೊಳ್ಳುವ ಅದೇ ಕಾಚು. ಆದರೆ ಹಣೆಯ ಚರ್ಮವನ್ನು ಪೂರ್ತಿ ಬಿಡಿಸುವುದಿಲ್ಲ. ಎರಡು ಹುಬ್ಬಿನ ನಡುವೆ ಸಣ್ಣದೊಂದು ಪಟ್ಟಿ ಹಾಗೇ ಅಂಟಿಕೊಂಡಿರುತ್ತದೆ. ಸುಮಾರು 25ನೇ ದಿನಕ್ಕೆ, ಹೊಸ ಜಾಗದಲ್ಲಿ ಚರ್ಮ ಬೇರು ಬಿಟ್ಟ ಮೇಲೆ, ಆ ಪಟ್ಟಿಯನ್ನು ಕತ್ತರಿಸುತ್ತಾನೆ.

ಇಡೀ ಶಸ್ತ್ರಚಿಕಿತ್ಸೆ ಆ ಪಟ್ಟಿಯಲ್ಲಿದೆ. ಅದು ನಾಲೆ. ರಕ್ತ ಹರಿದುಬರುವ ದಾರಿ ಅದೊಂದೇ. 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ಕ್ರಮದಲ್ಲಿ ಮೂಗು ಕಟ್ಟಿದ ಮೇಲೆ ಯುರೋಪಿನವರು ಕಲಿತರು. ನಾವು ಈಗಲೂ ಹಣೆಯ ಚರ್ಮದ ಮೂಗು ಕಟ್ಟುವಾಗ ಮೂರು ವಾರ ಕಾಯುತ್ತೇವೆ. ಕಾಚಿನ ಬದಲು ದಾರ ಬಂದಿದೆ, ಅಷ್ಟೆ.

ನಾಲೆ ಇಲ್ಲದೆ ಚರ್ಮ ಹಾಕಿದರೆ ಏನಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಮಾತ್ರ ಒಬ್ಬ ಹುಡುಗನ ಕಾಲಿನಿಂದ. ಕೆಲಸಕ್ಕೆ ಸೇರಿದ ಹೊಸದು. ಟ್ರ್ಯಾಕ್ಟರ್ ಹರಿದು ಮೊಣಕಾಲ ಕೆಳಗೆ ಅಂಗೈಯಗಲ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಮೂಳೆಯ ಮೇಲಿನ ಪೊರೆಯೂ ಕಿತ್ತುಹೋಗಿತ್ತು. ಮಾಂಸಖಂಡ ತಿರುಗಿಸಿ ಮುಚ್ಚಬೇಕಿತ್ತು. ನಾನು ಅವಸರದಲ್ಲಿ ತೊಡೆಯ ತೆಳು ಚರ್ಮ ತೆಗೆದು ಹಾಕಿದೆ. ಕಸಿ ಚರ್ಮ ಮೊದಲ ಎರಡು ದಿನ ಕೆಳಗಿನ ಜಾಗದಿಂದ ಒಸರುವ ದ್ರವ ಹೀರಿಕೊಂಡು ಬದುಕಿರುತ್ತದೆ. ಆಮೇಲೆ ಅದರೊಳಗಿನ ನಾಳಗಳ ಬಾಯಿ ಕೆಳಗಿನ ನಾಳಗಳ ಬಾಯಿಗೆ ಕೂಡಿಕೊಳ್ಳಬೇಕು. ಬರೀ ಮೂಳೆಯ ಮೇಲೆ ಕೂಡಿಕೊಳ್ಳಲು ಯಾವ ಬಾಯಿ ಇದೆ? ಐದನೇ ದಿನ ಪಟ್ಟಿ ಬಿಚ್ಚಿದಾಗ ಸುತ್ತಲ ಅಂಚು ಗುಲಾಬಿ, ನಡುವೆ ಕರಿ ಹಪ್ಪಳ. ಹುಡುಗನ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನು ಹೇಳಲಿ ಅಂತ ನಾನು ತಡವರಿಸುವಾಗ ಅವರೇ ಅಂದರು: “ಬಂಡೆ ಮ್ಯಾಲೆ ಪೈರು ನೆಟ್ಟಂಗಾಯ್ತು ಬುಡಿ ಸಾ.”

ಅಂಗಾಂಶ ಎಂಜಿನಿಯರಿಂಗ್ ಎಂಬ ಶಾಸ್ತ್ರದ ಕಷ್ಟವನ್ನು ಅದಕ್ಕಿಂತ ಚೊಕ್ಕವಾಗಿ ಹೇಳಿದವರನ್ನು ನಾನು ಕಂಡಿಲ್ಲ.

1993ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಆ ಹೆಸರು ಜನಜನಿತವಾಯಿತು. ಕರಗಿಹೋಗುವ ಒಂದು ಹಂದರ ಮಾಡಿ, ಅದರಲ್ಲಿ ಜೀವಕೋಶ ಬಿತ್ತಿ, ಬೇಕಾದ ಅಂಗ ಬೆಳೆಸಿಕೊಳ್ಳುವ ಕನಸು. 1997ರಲ್ಲಿ ಬೆನ್ನ ಮೇಲೆ ಮನುಷ್ಯನ ಕಿವಿ ಹೊತ್ತ ಇಲಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದು ಮನುಷ್ಯನ ಕಿವಿ ಅಲ್ಲ, ಕಿವಿಯ ಆಕಾರದ ಹಂದರದಲ್ಲಿ ಬೆಳೆದ ದನದ ಮೃದ್ವಸ್ಥಿ. ಬೇರೆಲ್ಲ ಬಿಟ್ಟು ಮೃದ್ವಸ್ಥಿಯೇ ಯಾಕೆ ಅಂದರೆ, ಅದರೊಳಗೆ ರಕ್ತನಾಳಗಳೇ ಇಲ್ಲ. ಉಪವಾಸಕ್ಕೆ ಒಗ್ಗಿದ ಅಂಗಾಂಶ ಅದು. ಯಕೃತ್ತನ್ನೋ ಹೃದಯದ ಸ್ನಾಯುವನ್ನೋ ಹಾಗೆ ಬೆಳೆಸಿದ್ದರೆ ಹೊರಗಿನ ಸಿಪ್ಪೆ ಬದುಕಿ ಒಳತಿರುಳು ಸಾಯುತ್ತಿತ್ತು. ಆಮ್ಲಜನಕ ರಕ್ತನಾಳದಿಂದ ಹೊರಬಿದ್ದು ತಾನಾಗಿ ಹರಡಬಲ್ಲ ದೂರ 0.1ರಿಂದ 0.2 ಮಿಲಿಮೀಟರ್. ಅದರಾಚೆ ಇರುವ ಜೀವಕೋಶ ನಾಲೆಯ ಕೊನೇಭಾಗದ ರೈತನಿದ್ದ ಹಾಗೆ; ಅಣೆಕಟ್ಟು ತುಂಬಿದ ಸುದ್ದಿ ಕೇಳಿ ಅವನ ಗದ್ದೆ ನೆನೆಯುವುದಿಲ್ಲ.

ಈ ದೂರದ ಲೆಕ್ಕವನ್ನು ಮೊದಲು ಹಾಕಿದವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ಕೆಲಸಕ್ಕಾಗಿ 1920ರ ನೊಬೆಲ್ ಪಡೆದವರು. ಅವರನ್ನು ಈ ಕಥೆಯ ಕೊನೆಯಲ್ಲಿ ಇನ್ನೊಮ್ಮೆ ಕರೆಯಬೇಕಾಗುತ್ತದೆ, ನೆನಪಿನಲ್ಲಿಡಿ.

ಹಂದರವನ್ನು ಮೈಯೊಳಗಿಟ್ಟರೆ ಸುತ್ತಲಿನಿಂದ ನಾಳಗಳು ಒಳಕ್ಕೆ ಬೆಳೆಯುವುದಿಲ್ಲವೇ ಅಂತ ಕೇಳಬಹುದು. ಬೆಳೆಯುತ್ತವೆ, ನಿಧಾನವಾಗಿ. ಸುಟ್ಟಗಾಯಗಳಿಗೆ ಇಂಟೆಗ್ರಾ ಎಂಬ ಕೃತಕ ಒಳಚರ್ಮ ಬಳಸುತ್ತೇವೆ. ದನದ ಕೊಲ್ಯಾಜೆನ್‌ನಿಂದ ಮಾಡಿದ ದುಬಾರಿ ಸ್ಪಂಜು. ಅದರೊಳಕ್ಕೆ ರಕ್ತನಾಳ ಹಬ್ಬಲು ಹೆಚ್ಚುಕಮ್ಮಿ ಮೂರು ವಾರ ಬೇಕು. ಆಮೇಲೇ ಮೇಲೆ ಚರ್ಮ ಹಾಕಬಹುದು. ಸುಟ್ಟಗಾಯದ ವಾರ್ಡಿನಲ್ಲಿ ಮೂರು ವಾರ ಅಂದರೆ ಸೋಂಕಿಗೆ ಬಾಗಿಲು ತೆಗೆದಿಟ್ಟ ಹಾಗೆ. ಪುಣೆಯ ಆ ಮನುಷ್ಯನಿಗೂ ಹೆಚ್ಚುಕಮ್ಮಿ ಅಷ್ಟೇ ದಿನ ಬೇಕಾಗಿತ್ತು. ಮಧ್ಯೆ ಎರಡು ಶತಮಾನ ಕಳೆದಿವೆ, ರಕ್ತನಾಳಕ್ಕೆ ಅದರ ಪರಿವೆ ಇಲ್ಲ.

ಇನ್ನೊಂದು ದಾರಿ, ನಾಳದ ಒಳಪದರದ ಜೀವಕೋಶಗಳನ್ನೇ ಒಂದೊಂದಾಗಿ ಬಿಡಿಸಿ ಬೆಳೆಸಿ ಹಂದರದಲ್ಲಿ ಬಿತ್ತುವುದು. ಬಹಳ ಜನ ಮಾಡಿದರು, ಈಗಲೂ ಮಾಡುತ್ತಿದ್ದಾರೆ. ಆದರೆ ಬಿಡಿ ಜೀವಕೋಶಗಳು ಮೊದಲು ಒಂದನ್ನೊಂದು ಹುಡುಕಿಕೊಳ್ಳಬೇಕು, ಸಾಲುಗಟ್ಟಬೇಕು, ಟೊಳ್ಳಾಗಬೇಕು, ಆಸರೆ ಕೊಡುವ ಜೀವಕೋಶಗಳನ್ನು ಹೊರಗಿನಿಂದ ಕರೆದು ಸುತ್ತಿಸಿಕೊಳ್ಳಬೇಕು. ಅಷ್ಟರಲ್ಲಿ ಹಸಿವು ಕಾಯುವುದಿಲ್ಲ. ಕಟ್ಟಿದ ನಾಳವೂ ಸೋರುತ್ತದೆ.

ಮಂಡ್ಯದಲ್ಲಿ ನಿಂತು ಇದನ್ನು ಹೇಳುವುದು ಸುಲಭ. ಇಲ್ಲಿ ಯಾರಾದರೂ ಕಬ್ಬನ್ನು ಬೀಜದಿಂದ ಬೆಳೆಯುತ್ತೀರಾ? ಕಬ್ಬಿಗೂ ಬೀಜ ಇದೆ, ಹೊಸ ತಳಿ ತೆಗೆಯುವವರಿಗೆ ಬೇಕು. ರೈತ ನೆಡುವುದು ಕಬ್ಬಿನ ತುಂಡು. ಎರಡು ಕಣ್ಣೋ ಮೂರು ಕಣ್ಣೋ ಇರುವ ತುಂಡು. ಗೆಣ್ಣು, ಕಣ್ಣು, ಒಳಗಿನ ರಸ, ಸಿಪ್ಪೆ, ಮೊಳೆಯಲು ಬೇಕಾದದ್ದೆಲ್ಲ ಅದರಲ್ಲಿ ಆಗಲೇ ಇದೆ. ಮಣ್ಣಿಗೆ ಹಾಕಿದರೆ ಸಾಕು. ರಕ್ತನಾಳವನ್ನೂ ಹೀಗೆ ತುಂಡು ಮಾಡಿ ನೆಡಬಹುದಲ್ಲ?

ತುಂಡು ಎಲ್ಲಿ ಸಿಗುತ್ತದೆ? ಕೊಬ್ಬಿನಲ್ಲಿ. ಕೊಬ್ಬು ಅಂದರೆ ಬರೀ ಬೆಣ್ಣೆಮುದ್ದೆ ಅಂದುಕೊಂಡಿರುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಅದು ದ್ರಾಕ್ಷಿ ತೋಟ. ಉಬ್ಬಿದ ಕೊಬ್ಬಿನ ಕೋಶಗಳ ನಡುವೆ ಎಲ್ಲೆಲ್ಲೂ ಲೋಮನಾಳದ ಬಳ್ಳಿ. ಜೀವಮಾನವಿಡೀ ಹಿಗ್ಗುತ್ತ ಕುಗ್ಗುತ್ತ ಇರುವ ಅಂಗಾಂಶವಾದ್ದರಿಂದ ಅಲ್ಲಿನ ನಾಳಗಳಿಗೆ ಚಿಗುರುವ ಅಭ್ಯಾಸ ತಪ್ಪಿಲ್ಲ.

1964ರಲ್ಲಿ ಅಮೆರಿಕದ ಮಾರ್ಟಿನ್ ರಾಡ್‌ಬೆಲ್ ಇಲಿಯ ವೃಷಣದ ಬಳಿಯ ಕೊಬ್ಬನ್ನು ಕತ್ತರಿಸಿ ಕೊಲ್ಯಾಜೆನೇಸ್ ಎಂಬ ಕಿಣ್ವದಲ್ಲಿ ನೆನೆಸಿದರು. ಜೀವಕೋಶಗಳನ್ನು ಹಿಡಿದಿಟ್ಟಿರುವ ಕೊಲ್ಯಾಜೆನ್ ನಾರನ್ನು ಕತ್ತರಿಸುವ ಕಿಣ್ವ ಅದು. ಅದನ್ನು ತೆಗೆಯುವುದು ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಬ್ಯಾಕ್ಟೀರಿಯಾದಿಂದ. ಗಾಯವನ್ನು ಕೊಳೆಸುವ ಕುಲದ ಕತ್ತರಿಯನ್ನೇ ಕಿತ್ತುಕೊಂಡು ನಮ್ಮ ಕೆಲಸಕ್ಕೆ ಬಳಸುತ್ತೇವೆ, ನೋಡಿ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗ ಕೊಬ್ಬಿನ ಕೋಶಗಳು ಬೆಣ್ಣೆಯ ಹಾಗೆ ಮೇಲೆ ತೇಲಿದವು. ಉಳಿದದ್ದು ತಳದಲ್ಲಿ ಕೂತಿತು. ರಾಡ್‌ಬೆಲ್‌ಗೆ ಬೇಕಾಗಿದ್ದದ್ದು ತೇಲಿದ್ದು. ಹಾರ್ಮೋನುಗಳು ಕೊಬ್ಬಿನ ಕೋಶದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬ ವಿಚಾರ ಹಿಡಿದುಹೋಗಿ ಅವರು 1994ರ ನೊಬೆಲ್ ತನಕ ನಡೆದರು. ತಳದ ಗಸಿಯಲ್ಲಿ ರಕ್ತನಾಳದ ಜೀವಕೋಶಗಳು ಇದ್ದವು. 2001ರಲ್ಲಿ ಅದೇ ಗಸಿಯಿಂದ, ಈ ಸಲ ಮನುಷ್ಯರ ಹೀರಿತೆಗೆದ ಕೊಬ್ಬಿನಿಂದ, ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಸಿಕ್ಕವು ಎಂಬ ಸುದ್ದಿ ಕ್ಯಾಲಿಫೋರ್ನಿಯಾದಿಂದ ಬಂತು. ಆ ಗದ್ದಲದಲ್ಲಿ, ಅದಕ್ಕೆ ಐದು ವರ್ಷ ಮೊದಲೇ ಬಂದಿದ್ದ ಇನ್ನೊಂದು ಕೆಲಸ ಮರೆಗೆ ಸರಿಯಿತು.

1996ರ ಆ ಕೆಲಸ ಅರಿಜೋನಾದ ಜೇಮ್ಸ್ ಹೋಯಿಂಗ್, ಸ್ಟುವರ್ಟ್ ವಿಲಿಯಮ್ಸ್ ಮತ್ತು ಸಂಗಡಿಗರದು. ವಿಲಿಯಮ್ಸ್ ಅದಕ್ಕೂ ಮೊದಲೇ ರೋಗಿಯ ಕೊಬ್ಬಿನಿಂದ ಜೀವಕೋಶ ತೆಗೆದು ಕೃತಕ ರಕ್ತನಾಳಗಳ ಒಳಮೈಗೆ ಲೇಪಿಸುವ ಪ್ರಯೋಗದಲ್ಲಿದ್ದವರು. ಹೊಸ ಕೆಲಸದ ಚಮತ್ಕಾರ ಇಷ್ಟೇ: ಕಿಣ್ವವನ್ನು ಬೇಗ ನಿಲ್ಲಿಸಿಬಿಡುವುದು. ಗಂಟೆಗಟ್ಟಲೆ ಬಿಟ್ಟರೆ ನಾಳಗಳೂ ಬಿಡಿ ಬಿಡಿ ಜೀವಕೋಶಗಳಾಗಿ ಉದುರುತ್ತವೆ. ಹತ್ತು ನಿಮಿಷದ ಆಸುಪಾಸಿನಲ್ಲಿ ನಿಲ್ಲಿಸಿದರೆ ಕೊಬ್ಬು ಸಡಿಲವಾಗಿರುತ್ತದೆ, ನಾಳಗಳು ತುಂಡಾಗಿರುತ್ತವೆ, ಆದರೆ ತುಂಡು ತುಂಡಾಗಿಯೇ ಉಳಿದಿರುತ್ತದೆ.

ಆ ಕೆಲಸವನ್ನು ನಾನು ಒಂದು ಪ್ರಯೋಗಾಲಯದಲ್ಲಿ ಹತ್ತಿರ ನಿಂತು ನೋಡಿದ್ದೇನೆ. ಕೊಬ್ಬನ್ನು ಮೊದಲು ಸಣ್ಣ ಕತ್ತರಿಯಿಂದ ಕೊಚ್ಚುತ್ತಾರೆ, ಚಟ್ನಿಯ ಹದಕ್ಕೆ. ಕಿಣ್ವ ಸುರಿದು 37 ಡಿಗ್ರಿ ಶಾಖದಲ್ಲಿ ಜೋರಾಗಿ ಕುಲುಕುತ್ತಾರೆ. ನಡುನಡುವೆ ಒಂದೊಂದು ಹನಿ ತೆಗೆದು ಗಾಜಿನ ಮೇಲಿಟ್ಟು ನೋಡುತ್ತಾರೆ. ನನಗೆ ತಟ್ಟನೆ ನೆನಪಾದದ್ದು ಆಲೆಮನೆ. ಕೊಪ್ಪರಿಗೆಯ ಪಕ್ಕ ನಿಂತವನು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ ನೋಡುವುದಿಲ್ಲವೇ, ಹಾಗೆ. ಗಡಿಯಾರ ಅಂದಾಜು ಮಾತ್ರ ಹೇಳುತ್ತದೆ. ಯಾಕೆಂದರೆ ಕಿಣ್ವ ಒಂದು ಸೀಸೆಯಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಹದ ತಪ್ಪಿದರೆ ಅಲ್ಲಿ ಕಾಕಂಬಿ, ಇಲ್ಲಿ ಬಿಡಿ ಜೀವಕೋಶದ ಗಂಜಿ.

ಆಮೇಲೆ ಎರಡು ಜರಡಿ. 500 ಮೈಕ್ರೊಮೀಟರ್ ಕಣ್ಣಿನ ಜರಡಿಯಲ್ಲಿ ದೊಡ್ಡ ಗಂಟುಗಳು ಮೇಲೆ ಉಳಿಯುತ್ತವೆ, ಎಸೆಯುತ್ತಾರೆ. ಕೆಳಗಿಳಿದದ್ದನ್ನು 20 ಮೈಕ್ರೊಮೀಟರಿನ ಜರಡಿಗೆ ಹೊಯ್ಯುತ್ತಾರೆ. ಈ ಸಲ ಕೆಂಪು ರಕ್ತಕಣ, ಬಿಡಿ ಜೀವಕೋಶಗಳು ಕೆಳಗೆ ಹೋಗುತ್ತವೆ, ತುಂಡುಗಳು ಮೇಲೆ ನಿಲ್ಲುತ್ತವೆ. ಜರಡಿಯನ್ನು ಮಗುಚಿ ತೊಳೆದುಕೊಂಡರೆ ಮುಗಿಯಿತು. ಕಣ್ಣಿಗೆ ಕಂಡದ್ದು ಅಕ್ಕಿ ತೊಳೆದ ನೀರಿನಂಥದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮುರಿದ ಶಾವಿಗೆಯ ಚೂರುಗಳು. ಕೆಲವು ನೇರ, ಕೆಲವು ಕವಲೊಡೆದವು.

ಒಂದೊಂದು ಚೂರಿನಲ್ಲೂ ಒಳಪದರ ಇದೆ, ಅದಕ್ಕೆ ಆತುಕೊಂಡ ಪೊರೆ ಇದೆ, ಹೊರಗಿನಿಂದ ಅಪ್ಪಿಕೊಂಡ ಆಸರೆಯ ಕೋಶಗಳಿವೆ, ಅಂಚಿನಲ್ಲಿ ಕಾಂಡಕೋಶಗಳೂ ಇವೆ. ಇವನ್ನು ಕೊಲ್ಯಾಜೆನ್ ಜೆಲ್ಲಿನಲ್ಲಿ ಹೂತಿಟ್ಟರೆ ಮೂರ್ನಾಲ್ಕು ದಿನ ಸುಮ್ಮನಿರುತ್ತವೆ. ಆಮೇಲೆ ತುದಿಗಳಿಂದ, ಪಕ್ಕದಿಂದ ಚಿಗುರು. ಹತ್ತು ದಿನದಲ್ಲಿ ಚಿಗುರಿಗೆ ಚಿಗುರು ಸೇರಿ ಬಲೆ. ಜೆಲ್ಲನ್ನು ಎರಡು ತುದಿಯಲ್ಲಿ ಎಳೆದು ಹಿಡಿದಿಟ್ಟರೆ ಚಿಗುರುಗಳು ಆ ಎಳೆತದ ಉದ್ದಕ್ಕೇ ಸಾಲಾಗಿ ಬೆಳೆಯುತ್ತವೆ. ಹಗ್ಗ ಕಟ್ಟಿ ನಾಟಿ ಮಾಡಿದಂತೆ. ಇದನ್ನು ಹೋಯಿಂಗ್ ಅವರ ಬಳಗವೂ ಯೂಟಾದ ಜೆಫ್ರಿ ವೈಸ್ ಅವರ ಬಳಗವೂ ಸೇರಿ ತೋರಿಸಿದರು. ನನಗೆ ಈ ಇಡೀ ಸಾಹಿತ್ಯದಲ್ಲಿ ತುಂಬ ಇಷ್ಟವಾದ ಸಂಗತಿ ಅದು. ನಾಳಕ್ಕೆ ದಾರಿ ತೋರಿಸಲು ಔಷಧ ಬೇಕಿಲ್ಲ, ನೆಲದ ಬಿಗಿ ಸಾಕು.

ಮೈಯೊಳಗೆ ಇಟ್ಟಾಗ ನಡೆಯುವುದು ಇನ್ನೂ ಸೊಗಸು. ಮಾವಿನ ಕಸಿಯಲ್ಲಿ ಬುಡಗಿಡದ ರಸನಾಳ, ಕುಡಿಯ ರಸನಾಳ ಕೂಡಿಕೊಳ್ಳುವ ಹಾಗೆ, ನೆಟ್ಟ ತುಂಡಿನ ಬಾಯಿ ಸುತ್ತಲಿನ ನಾಳದ ಬಾಯಿಗೆ ಕೂಡುತ್ತದೆ. ಇಡೀ ಹಂದರವನ್ನು ಹೊರಗಿನ ನಾಳ ಬಂದು ತುಂಬಬೇಕಾಗಿಲ್ಲ. ಅಂಚಿನಲ್ಲಿ ಕೂಡಿಕೊಂಡರೆ ಒಳಗಿನ ಬಲೆಗೆಲ್ಲ ರಕ್ತ ನುಗ್ಗುತ್ತದೆ, ಕೆಲವೇ ದಿನಗಳಲ್ಲಿ. ಆಮೇಲೆ ಹರಿವು ತಾನೇ ವ್ಯವಸಾಯಕ್ಕಿಳಿಯುತ್ತದೆ. ಕೆಲವು ನಾಳ ದಪ್ಪವಾಗಿ ಅಪಧಮನಿಯ ಕಡೆಗೆ, ಕೆಲವು ಅಭಿಧಮನಿಯ ಕಡೆಗೆ, ಬೇಡದ್ದು ಮುಚ್ಚಿಹೋಗುತ್ತದೆ. 2004ರಲ್ಲಿ ಅರಿಜೋನಾದವರು ಇಲಿಗಳಲ್ಲಿ ಇದನ್ನು ತೋರಿಸಿದರು.

ಜರ್ಮನಿಯ ಹೊಂಬುರ್ಗ್‌ನಲ್ಲಿ, ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ಮಥಿಯಾಸ್ ಲಾಷ್ಕೆ ಮತ್ತು ಮಿಖಾಯೆಲ್ ಮೆಂಗರ್ ಇದನ್ನು ಕಿಟಕಿಯಿಂದ ನೋಡುತ್ತಾರೆ. ಇಲಿಯ ಬೆನ್ನಿನ ಚರ್ಮವನ್ನು ಮಡಿಕೆಯಾಗಿ ಎತ್ತಿ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಒಂದು ಕಡೆ ಗಾಜು ಕೂರಿಸಿರುತ್ತಾರೆ. ಹಸಿರು ಬೆಳಕು ಸೂಸುವ ಪ್ರೋಟೀನ್ ಇರುವ ಇಲಿಯಿಂದ ತುಂಡು ತೆಗೆದು ಮಾಮೂಲಿ ಇಲಿಗೆ ನೆಟ್ಟರೆ, ಯಾವ ನಾಳ ನೆಟ್ಟದ್ದು, ಯಾವುದು ಮನೆಯದ್ದು ಎಂದು ಬಣ್ಣವೇ ಹೇಳುತ್ತದೆ. ನಾನು ಹೇಳಿದೆನಲ್ಲ, ಇಂಟೆಗ್ರಾ ಸ್ಪಂಜು, ಅದರಲ್ಲೂ ಅವರು ತುಂಡು ಬಿತ್ತಿ ನೋಡಿದ್ದಾರೆ. ರಕ್ತ ಬೇಗ ಬಂತು, ಮೇಲೆ ಹಾಕಿದ ಚರ್ಮ ಬೇಗ ಹಿಡಿಯಿತು. ಜೊತೆಗೆ ತುಂಡುಗಳ ನಡುವೆ ದುಗ್ಧನಾಳದ ಚೂರುಗಳೂ ಇರುವುದರಿಂದ ಬಸಿಗಾಲುವೆಯೂ ಸಿಕ್ಕಂತಾಯಿತು. ನೀರು ಕಟ್ಟುವುದಷ್ಟೇ ಗೊತ್ತಿದ್ದು ಬಸಿಯುವುದು ಗೊತ್ತಿಲ್ಲದಿದ್ದರೆ ಭೂಮಿ ಚೌಳಾಗುತ್ತದೆ, ನಿಮಗೆ ಹೇಳಬೇಕಾಗಿಲ್ಲ.

ಈಗ ಕ್ರೋಗ್. ಅವರ ಹೆಂಡತಿ ಮರೀ ಕ್ರೋಗ್ ಕೂಡ ವೈದ್ಯೆ, ಸಕ್ಕರೆ ಕಾಯಿಲೆ ಇದ್ದವರು. 1922ರಲ್ಲಿ ಲೋಮನಾಳಗಳ ಬಗ್ಗೆ ಉಪನ್ಯಾಸ ಕೊಡಲು ಅಮೆರಿಕಕ್ಕೆ ಹೋಗಿದ್ದಾಗ, ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದೆಯಂತೆ, ಹೋಗಿಬರೋಣ ಅಂತ ಮರೀ ಹಟ ಹಿಡಿದರು. ಕ್ರೋಗ್ ಹೋದರು, ಅಲ್ಲಿಂದ ಇನ್ಸುಲಿನ್ ತಯಾರಿಸುವ ಅನುಮತಿ ತಂದರು. ಡೆನ್ಮಾರ್ಕಿನ ಇನ್ಸುಲಿನ್ ಉದ್ಯಮ ಶುರುವಾದದ್ದು ಹಾಗೆ. ಸುಮಾರು ನೂರು ವರ್ಷದ ನಂತರ, 2021ರಲ್ಲಿ, ಅದೇ ಟೊರಾಂಟೊದಲ್ಲಿ ಸಾರಾ ನೂನೆಸ್ ವಾಸ್ಕೊನ್ಸೆಲೊಸ್ ಅವರ ಬಳಗ ಲೋಮನಾಳ ಮತ್ತು ಇನ್ಸುಲಿನ್ ಎರಡನ್ನೂ ಒಂದೇ ಜಾಗದಲ್ಲಿ ಕೂರಿಸಿತು.

ಇನ್ಸುಲಿನ್ ಸ್ರವಿಸುವ ಕೋಶಗಳು ಮೇದೋಜೀರಕ ಗ್ರಂಥಿಯೊಳಗೆ ದ್ವೀಪಗಳಂತೆ ಗುಂಪು ಗುಂಪಾಗಿರುತ್ತವೆ. ಸತ್ತವರ ಗ್ರಂಥಿಯಿಂದ ಆ ದ್ವೀಪಗಳನ್ನು ತೆಗೆದು ರೋಗಿಯ ಯಕೃತ್ತಿನ ರಕ್ತನಾಳಕ್ಕೆ ಬಿಡುವ ಚಿಕಿತ್ಸೆ 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ 7 ರೋಗಿಗಳಿಗೆ ಫಲ ಕೊಟ್ಟಿತು. ಆದರೆ ಒಬ್ಬ ರೋಗಿಗೆ ಒಬ್ಬ ದಾನಿ ಸಾಲುವುದಿಲ್ಲ. ತೆಗೆಯುವಾಗಲೇ ದ್ವೀಪಗಳ ರಕ್ತನಾಳ ಕಡಿದುಹೋಗಿರುತ್ತದೆ; ಹೊಸದು ಬರುವಷ್ಟರಲ್ಲಿ ಬಹಳಷ್ಟು ಸತ್ತಿರುತ್ತವೆ. ಬಂಡೆ ಮೇಲಿನ ಪೈರು, ಮತ್ತೆ. ಟೊರಾಂಟೊದವರು ಮನುಷ್ಯರ ದ್ವೀಪಗಳ ಜೊತೆ ಕೊಬ್ಬಿನಿಂದ ತೆಗೆದ ನಾಳದ ತುಂಡು ಬೆರೆಸಿ ಮಧುಮೇಹದ ಇಲಿಗಳ ಚರ್ಮದ ಕೆಳಗೆ ಇಟ್ಟರು. ದ್ವೀಪಗಳು ಹೆಚ್ಚು ಉಳಿದವು, ಸಕ್ಕರೆ ಹಿಡಿತಕ್ಕೆ ಬಂತು. ಚರ್ಮದ ಕೆಳಗೆ ಅನ್ನುವುದನ್ನು ಗಮನಿಸಿ. ಯಕೃತ್ತಿಗೆ ಕೈ ಹಾಕಬೇಕಾಗಿಲ್ಲ, ಬೇಡವೆಂದರೆ ತೆಗೆಯಲೂಬಹುದು. ಇದೇ ಬಳಗ ಇಲಿಗಳ ಹೃದಯಾಘಾತದಲ್ಲೂ ಹೊಸ ಹೃದಯಕೋಶಗಳ ಜೊತೆ ತುಂಡು ನೆಟ್ಟು ಲಾಭ ಕಂಡಿದೆ.

ಇಲ್ಲಿ ನಾನು ದನಿ ಇಳಿಸಬೇಕು. ಇಷ್ಟು ಹೊತ್ತು ಹೇಳಿದ್ದರಲ್ಲಿ ಬಹುತೇಕ ಇಲಿಗಳ ಕಥೆ. ಎಳೆ ಇಲಿಯ ತುಂಡು ಚಿಗುರಿದ ಹಾಗೆ ಮುದಿ ಇಲಿಯದ್ದು ಚಿಗುರುವುದಿಲ್ಲ ಎಂದು ಹೊಂಬುರ್ಗ್‌ನವರೇ ತೋರಿಸಿದ್ದಾರೆ. ನಮ್ಮ ವಾರ್ಡುಗಳಲ್ಲಿ ಆರದ ಗಾಯ ಇರುವವರು ಹೆಚ್ಚಾಗಿ ವಯಸ್ಸಾದವರು, ಸಕ್ಕರೆ ಇದ್ದವರು. ದ್ವೀಪಗಳಂತೂ ಬೇರೆಯವರವು, ಮೈ ಅವನ್ನು ತಿರಸ್ಕರಿಸದಿರಲು ಔಷಧ ಬೇಕೇ ಬೇಕು. ಬ್ಯಾಕ್ಟೀರಿಯಾದ ಕಿಣ್ವ ಮುಟ್ಟಿದ್ದನ್ನು ಮರಳಿ ರೋಗಿಗೆ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಹಲವು. ಕಿಣ್ವದಿಂದ ಬೇರ್ಪಡಿಸಿದ ಕೊಬ್ಬಿನ ಗಸಿಯನ್ನು ಔಷಧವೆಂದೇ ಪರಿಗಣಿಸಬೇಕು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2024ರಲ್ಲಿ ಹೇಳಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಉಳಿದ ಕಾಂಡಕೋಶ ಚಿಕಿತ್ಸೆಯೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೆಯಬೇಕು ಎನ್ನುತ್ತದೆ.

ಇಷ್ಟಿದ್ದೂ, ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮಂಡಿನೋವಿಗೆ ‘ನಿಮ್ಮದೇ ಕೊಬ್ಬಿನ ಕಾಂಡಕೋಶ’ ಎಂಬ ಜಾಹೀರಾತು ನೋಡಿ ಪಿಂಚಣಿಯ ದುಡ್ಡು ಸುರಿದು ಬಂದರು. ರಸೀದಿಯ ಮೇಲೆ ‘ಪ್ಯಾಕೇಜ್’ ಅಂತಷ್ಟೇ ಇತ್ತು. ಮಂಡಿ ಹಾಗೇ ಇದೆ. ಆದ್ದರಿಂದ ನಾಳೆ ಬೆಳಿಗ್ಗೆ ಯಾರೂ ಹೊಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ. ಕೊಡಲು ನನ್ನ ಬಳಿ ಇನ್ನೂ ಏನೂ ಇಲ್ಲ.

ಹೋದ ತಿಂಗಳು ಹೊಟ್ಟೆಯ ಕೊಬ್ಬು ತೆಗೆಯುವ ಒಂದು ಕೇಸು ಮುಗಿಸಿದೆವು. ಡಬ್ಬಿಯಲ್ಲಿ ಒಂದೂವರೆ ಲೀಟರ್. ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಎಣ್ಣೆ, ನಡುವೆ ಹಳದಿ ಕೊಬ್ಬು, ತಳದಲ್ಲಿ ಕೆಂಪು ನೀರು, ಹೀಗೆ ಪದರ ಪದರವಾಗಿ ನಿಲ್ಲುತ್ತದೆ. ನಾನು ಡಬ್ಬಿಯನ್ನು ದೀಪಕ್ಕೆ ಹಿಡಿದು ನೋಡುತ್ತ ನಿಂತಿದ್ದೆ. ಸಿಸ್ಟರ್ ಚೀಲದ ಬಾಯಿ ಬಿಡಿಸಿ ಹಿಡಿದು ಕಾಯುತ್ತಿದ್ದರು.

“ಸಾರ್, ಹಾಕ್ಲಾ?”

“ಹಾಕಿ ಸಿಸ್ಟರ್,” ಅಂದೆ.